ಒಂದೇ ಪ್ರಶ್ನೆಪತ್ರಿಕೆ, ವರ್ಷಕ್ಕೊಂದು ಅಳತೆ

2020ರ ಆಗಸ್ಟ್‌ನಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಚಿಕ್ಕಬಳ್ಳಾಪುರ ರಾಜ್ಯಕ್ಕೇ ಮೊದಲ ಜಿಲ್ಲೆಯಾಗಿತ್ತು. 2023ರಲ್ಲಿ ಶೇ 96.15 ಫಲಿತಾಂಶದೊಡನೆ ಐದನೆಯ ಸ್ಥಾನದಲ್ಲಿತ್ತು. ಮರುವರ್ಷ ಫಲಿತಾಂಶ ಶೇ 73ರ ಆಸುಪಾಸಿಗೆ ಕುಸಿದು, ಜಿಲ್ಲೆ ಹದಿನೈದನೆಯ ಸ್ಥಾನಕ್ಕಿಂತ ಕೆಳಗೆ ಜಾರಿತು. ಜಂಗಮಕೋಟೆಯ ಹೈಸ್ಕೂಲು, ಗೌರಿಬಿದನೂರಿನ ಮೇಷ್ಟರು, ಚಿಂತಾಮಣಿಯ ಮಕ್ಕಳು ಒಂದೇ ವರ್ಷದಲ್ಲಿ ಇಷ್ಟೊಂದು ಕೆಟ್ಟರು ಎಂದು ನಂಬುವವರು ಯಾರೂ ಇರಲಾರರು. ಆದರೂ ಆ ಪಟ್ಟಿಯನ್ನು ಹಿಡಿದೇ ಅಧಿಕಾರಿಗಳಿಗೆ ನೋಟಿಸು ಹೋಗುತ್ತದೆ, ಸನ್ಮಾನವೂ ನಡೆಯುತ್ತದೆ. ನೂರು ವರ್ಷ ದಾಟಿದ ಈ ಪರೀಕ್ಷಾ ಪದ್ಧತಿಯಲ್ಲಿ ನಾವು ಏಕರೂಪಗೊಳಿಸಿದ್ದು ದಿನ, ವೇಳೆ, ಪ್ರಶ್ನೆಪತ್ರಿಕೆಗಳನ್ನು ಮಾತ್ರ. ಅಳತೆಯನ್ನು ಏಕರೂಪಗೊಳಿಸಲೇ ಇಲ್ಲ. ಹಾಗಾಗಿ ಒಂದು ವರ್ಷದ ಅಂಕಿಯನ್ನು ಇನ್ನೊಂದು ವರ್ಷದ ಅಂಕಿಯ ಪಕ್ಕದಲ್ಲಿಟ್ಟು ಓದುವುದಕ್ಕೆ ಆಧಾರವೇ ಇಲ್ಲ.

ಈ ಪದ್ಧತಿ ಬಂದದ್ದು ವಿಶ್ವವಿದ್ಯಾಲಯದ ಬಾಗಿಲು ಕಾಯುವುದಕ್ಕೆ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪಾಸಾದದ್ದು 1857ರಲ್ಲಿ ಹುಟ್ಟಿದ ಮದ್ರಾಸ್ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ. ಮೈಸೂರಿಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು ಅವರೇ ದಿವಾನರಾಗಿದ್ದ 1916ರಲ್ಲಿ. ಅಲ್ಲಿಯವರೆಗೆ ಮೆಟ್ರಿಕ್ಯುಲೇಷನ್ ಎಂದರೆ ಕಾಲೇಜಿಗೆ ಯಾರು ಯೋಗ್ಯರು ಎಂದು ಜರಡಿ ಹಿಡಿಯುವ ಪರೀಕ್ಷೆ. ನಂತರ ಬೇರೂರಿದ ಎಸ್ಸೆಸ್ಸೆಲ್ಸಿಯ ಉದ್ದೇಶ ಹೆಸರಿಗೆ ಬೇರೆ: ಹುಡುಗ ಶಾಲೆ ಮುಗಿಸಿದ್ದಾನೆ ಎಂಬ ಪ್ರಮಾಣಪತ್ರ. ಒಂದೇ ಪರೀಕ್ಷೆ ಜರಡಿಯೂ ಆಗಬೇಕು, ಪ್ರಮಾಣಪತ್ರವೂ ಆಗಬೇಕು ಎಂಬ ಗೊಂದಲ ಅಂದೇ ಹುಟ್ಟಿತು. ಏಕೀಕರಣದ ನಂತರ 1966ರ ಕಾಯ್ದೆಯಿಂದ ಬಂದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಇಡೀ ರಾಜ್ಯಕ್ಕೆ ಒಂದೇ ಪತ್ರಿಕೆ, ಒಂದೇ ವೇಳಾಪಟ್ಟಿ, ಹೆಸರಿನ ಬದಲು ನೋಂದಣಿ ಸಂಖ್ಯೆ ಎಂಬ ಶಿಸ್ತನ್ನು ಗಟ್ಟಿ ಮಾಡಿತು. ಇದು ಸಣ್ಣ ಸಾಧನೆಯಲ್ಲ. ಮನೆಯಲ್ಲಿ ತೆಲುಗು ಇಲ್ಲವೇ ಉರ್ದು ಆಡುವ, ಅಪ್ಪ ಅಮ್ಮ ರೇಷ್ಮೆ ಹುಳು ಸಾಕುವ ಮನೆಯ ಹುಡುಗಿಯ ಉತ್ತರಪತ್ರಿಕೆಗೂ ಜಯನಗರದ ಹುಡುಗನದಕ್ಕೂ ಮೌಲ್ಯಮಾಪಕರ ಮುಂದೆ ಜಾತಿ, ಊರು, ಶಾಲೆ ಯಾವುದೂ ಇಲ್ಲ. ಪರೀಕ್ಷೆಯನ್ನೇ ತೆಗೆದುಹಾಕಿ ಎನ್ನುವವರು ಇದನ್ನು ಮರೆಯುತ್ತಾರೆ. ಶಾಲೆಯೇ ಕೊಡುವ ಅಂಕಗಳನ್ನು ನಂಬುವ ವ್ಯವಸ್ಥೆಯಲ್ಲಿ ದೊಡ್ಡ ಹೆಸರಿನ ಶಾಲೆಯ ಮಾರ್ಕ್ಸ್ ಕಾರ್ಡಿಗಷ್ಟೇ ಬೆಲೆ ಬರುತ್ತದೆ.

ತೊಡಕು ಇರುವುದು ಅಂಕದಲ್ಲಿ. 625ಕ್ಕೆ 625 ಪಡೆದವರ ಲೆಕ್ಕವನ್ನಷ್ಟೇ ನೋಡಿ. 2020ರಲ್ಲಿ 6 ಮಂದಿ, 2021ರಲ್ಲಿ 157, 2022ರಲ್ಲಿ 145, 2023ರಲ್ಲಿ 4, 2024ರಲ್ಲಿ ಒಬ್ಬರೇ, 2025ರಲ್ಲಿ 22. ಕೋವಿಡ್ ನಡುವೆ 2021ರ ಜುಲೈನಲ್ಲಿ ಎರಡೇ ದಿನ ಬಹು ಆಯ್ಕೆಯ ಪ್ರಶ್ನೆಗಳನ್ನು ಕೊಟ್ಟು ಓಎಂಆರ್ ಹಾಳೆಯಲ್ಲಿ ಪರೀಕ್ಷೆ ಮುಗಿಸಿದ್ದರಿಂದ ಆ ವರ್ಷದ ಅಂಕಿಗೆ ಕಾರಣ ಗೊತ್ತು. ಆದರೆ ಉಳಿದ ವರ್ಷಗಳ ಏರಿಳಿತವೂ ಮಕ್ಕಳ ಬುದ್ಧಿಯ ಏರಿಳಿತವಲ್ಲ, ಪತ್ರಿಕೆಯ ಸುಲಭ–ಕಠಿಣದ್ದು, ಮೌಲ್ಯಮಾಪನದ ಕೈಬಿಗಿಯದ್ದು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕದ ಯಂತ್ರ ದಿನಕ್ಕೊಂದು ಥರ ತೋರಿಸಿದರೆ ರೈತರು ಅವತ್ತೇ ಗಲಾಟೆ ಎಬ್ಬಿಸುತ್ತಾರೆ. ಇಲ್ಲಿ ನಾವು ಯಂತ್ರವನ್ನು ಬಿಟ್ಟು ಗೂಡನ್ನು ಬೈಯುತ್ತೇವೆ. ಬೇರೆ ಬೇರೆ ವರ್ಷದ ಅಂಕಗಳನ್ನು ಒಂದೇ ಮಟ್ಟಕ್ಕೆ ತರುವ ಪ್ರಶ್ನೆ ಕರ್ನಾಟಕದಲ್ಲಿ ಗಂಭೀರವಾಗಿ ಎದ್ದದ್ದು 2022ರಲ್ಲಿ, ಅದೂ ಹೈಕೋರ್ಟಿನಲ್ಲಿ. 2021ರಲ್ಲಿ ಪರೀಕ್ಷೆ ಬರೆಯದೇ ಪಿಯುಸಿ ಪಾಸಾದವರು ಮರುವರ್ಷ ಸಿಇಟಿ ಬರೆದಾಗ ಅವರ ಪಿಯು ಅಂಕಗಳನ್ನು ಪರಿಗಣಿಸುವುದಿಲ್ಲ ಎಂದಿತು ಪರೀಕ್ಷಾ ಪ್ರಾಧಿಕಾರ. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಕೊನೆಗೆ ಅವರ ಪಿಯು ಅಂಕದಲ್ಲಿ ನೂರಕ್ಕೆ ಸರಾಸರಿ ಆರರಷ್ಟು ಕಳೆಯುವ ಸೂತ್ರದಲ್ಲಿ ವ್ಯಾಜ್ಯ ಇತ್ಯರ್ಥವಾಯಿತು. ಸೂತ್ರ ಒರಟೇ ಇರಬಹುದು. ಆದರೆ ಎರಡು ವರ್ಷದ ಅಂಕಗಳು ತಾವಾಗಿ ಸಮವಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು.

2024 ಇನ್ನೊಂದು ಪದರವನ್ನು ಬಿಚ್ಚಿತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ಎಲ್ಲವೂ ವೆಬ್‌ಕಾಸ್ಟ್ ಆಯಿತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಕ್ಯಾಮೆರಾ ಕಂಡು ಮಕ್ಕಳು ಹೆದರಿದರು, ಅದಕ್ಕೇ ಫೇಲಾದರು ಎಂಬ ವಾದ ಆಗ ಜೋರಾಗಿತ್ತು. ಹೆದರಿಕೆ ಸುಳ್ಳೆನ್ನಲಾಗದು. ಆದರೆ ಅದೇ ಕ್ಯಾಮೆರಾದ ಕೆಳಗೆ ಉಡುಪಿಯ ಫಲಿತಾಂಶ ಶೇ 89ರ ಆಸುಪಾಸಿನಿಂದ 94ಕ್ಕೆ ಏರಿತು. 2023ರಲ್ಲಿ ಮೊದಲಿದ್ದ ಚಿತ್ರದುರ್ಗ ಇಪ್ಪತ್ತರ ಆಚೆ ಬಿತ್ತು. ಹೆದರಿಕೆಯೊಂದೇ ಕಾರಣವಾಗಿದ್ದರೆ ಅದು ಜಿಲ್ಲೆಯ ಗಡಿ ನೋಡಿ ಬರುತ್ತಿರಲಿಲ್ಲ. ಅಲ್ಲಿಯವರೆಗೆ ಕೊಠಡಿಯ ಶಿಸ್ತೂ ಎಲ್ಲ ಕಡೆ ಒಂದೇ ಆಗಿರಲಿಲ್ಲ ಎಂಬ ಅನುಮಾನವನ್ನು ತಳ್ಳಿಹಾಕುವುದು ಕಷ್ಟ. ಚಿಕ್ಕಬಳ್ಳಾಪುರದ ಕುಸಿತದಲ್ಲಿ ಇದರ ಪಾಲೆಷ್ಟು, ಪತ್ರಿಕೆಯ ಪಾಲೆಷ್ಟು ಎಂದು ಬೇರ್ಪಡಿಸಲು ಆ ಅಂಕಿಗಳಿಂದ ಸಾಧ್ಯವೇ ಇಲ್ಲ. ನನ್ನ ತಕರಾರೂ ಅದೇ.

ಜಿಲ್ಲಾ ಸ್ಥಾನದ ಪೈಪೋಟಿಯೇ ಅಧಿಕಾರಿಗಳನ್ನು ಎಬ್ಬಿಸುತ್ತದೆ, ಸಂಜೆ ವಿಶೇಷ ತರಗತಿ ನಡೆಯುವುದೇ ಅದರಿಂದ ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿದೆ, ಒತ್ತಡವಿಲ್ಲದಿದ್ದರೆ ಎಷ್ಟೋ ಶಾಲೆಗಳು ಫೆಬ್ರವರಿಯಲ್ಲೂ ಪಾಠ ಮುಗಿಸವು. ಆದರೆ ಆ ಒತ್ತಡ ಹರಿಯುವ ದಾರಿ ನೋಡಬೇಕು. ಪಾಸಾಗುವುದೇ ಅನುಮಾನವಿರುವ ಮಕ್ಕಳಿಗೆ ‘ಪಾಸಿಂಗ್ ಪ್ಯಾಕೇಜ್’ ಎಂಬ ತೆಳು ಪುಸ್ತಿಕೆ, ಪ್ರಶ್ನೆಪತ್ರಿಕೆಯ ನೀಲನಕ್ಷೆಯಂತೆ ಖಂಡಿತ ಬರುವ ನಕ್ಷೆ, ಚಿತ್ರ, ಪ್ರಮೇಯಗಳ ಬಾಯಿಪಾಠ. ಹತ್ತನೆಯ ತರಗತಿಯ ಹುಡುಗನಿಗೆ ಭಾಗಾಕಾರ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಸ್ಥಾನದ ಪಟ್ಟಿ ಕೇಳುವುದೇ ಇಲ್ಲ. ಮೂರು ಬಾರಿ ಪರೀಕ್ಷೆ ಬರೆಯುವ ಅವಕಾಶ ಕೊಟ್ಟ 2024ರ ಸುಧಾರಣೆ ಮಗುವಿನ ವರ್ಷ ಉಳಿಸಿತು, ಅದು ಒಳ್ಳೆಯದೇ. ಪಾಸಿನ ಗೆರೆಯನ್ನು ಶೇ 35ರಿಂದ 33ಕ್ಕೆ, ಅಂದರೆ 625ಕ್ಕೆ 206ಕ್ಕೆ, ಇಳಿಸುವ 2025ರ ತೀರ್ಮಾನದ ವಿಷಯ ಬೇರೆ: ಮುಂದಿನ ಫಲಿತಾಂಶ ಏರಿದರೆ ಅದು ಕಲಿಕೆಯದೋ ಗೆರೆಯದೋ ಎಂಬ ಗೊಂದಲಕ್ಕೆ ಇನ್ನೊಂದು ಕಾರಣ ಸೇರಿತು.

ಅಳತೆಗೆ ಬೇರೆ ದಾರಿ ಇದೆ, ಕರ್ನಾಟಕಕ್ಕೆ ಅದು ಹೊಸದೂ ಅಲ್ಲ. 2005ರ ಸುಮಾರಿಗೇ ಶಾಲಾ ಗುಣಮಟ್ಟ ಮೌಲ್ಯಾಂಕನಕ್ಕೆಂದು ಪ್ರತ್ಯೇಕ ಸಂಸ್ಥೆ ಕಟ್ಟಿದ ರಾಜ್ಯ ಇದು. ರಾಷ್ಟ್ರೀಯ ಸಾಧನಾ ಸಮೀಕ್ಷೆಯೂ ಮಾದರಿಯಾಗಿ ಆಯ್ದ ಕೆಲವು ಶಾಲೆಗಳಲ್ಲಷ್ಟೇ ನಡೆಯುತ್ತದೆ. ಅಲ್ಲಿ ಮಗು ಪಾಸೂ ಆಗುವುದಿಲ್ಲ, ಫೇಲೂ ಆಗುವುದಿಲ್ಲ, ಆದ್ದರಿಂದ ನಕಲಿಗೆ ಕಾರಣವೇ ಇಲ್ಲ. ಎಸ್ಸೆಸ್ಸೆಲ್ಸಿ ಪತ್ರಿಕೆ ಮಗುವಿನ ಕೈಯಲ್ಲೇ ಮನೆಗೆ ಹೋಗುವುದರಿಂದ ಅದರ ಪ್ರಶ್ನೆಯನ್ನು ಮರುವರ್ಷ ಬಳಸಲಾಗದು. ಸಮೀಕ್ಷೆಯಲ್ಲಿ ಮಾತ್ರ ಗುಟ್ಟಾಗಿಟ್ಟ ಒಂದಿಷ್ಟು ಪ್ರಶ್ನೆಗಳನ್ನು ವರ್ಷ ವರ್ಷ ಹಾಗೇ ಉಳಿಸಿಕೊಂಡು ಈ ಸಲದ ಮಕ್ಕಳನ್ನು ಹಿಂದಿನವರೊಡನೆ ಹೋಲಿಸಬಹುದು. ಜಿಲ್ಲೆಗೆ ಕೆಲವು ಶಾಲೆಗಳಲ್ಲಿ ಒಂಬತ್ತನೆಯ ತರಗತಿಗೇ ಇದನ್ನು ನಡೆಸಿದರೆ ತಿದ್ದಿಕೊಳ್ಳಲು ಒಂದು ವರ್ಷ ಸಿಗುತ್ತದೆ. ಎಸ್ಸೆಸ್ಸೆಲ್ಸಿ ಮಗುವಿನ ಪ್ರಮಾಣಪತ್ರವಾಗಿಯೇ ಉಳಿಯಲಿ, ಕ್ಯಾಮೆರಾಗಳೂ ಇರಲಿ. ಫಲಿತಾಂಶದ ದಿನ ಮಂಡಳಿ ಜಿಲ್ಲೆಗಳ ಸ್ಥಾನಪಟ್ಟಿ ಬಿಡುಗಡೆ ಮಾಡುವುದನ್ನು ನಿಲ್ಲಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ.