ಕಟ್ಟಿದ ಮೇಲಿನ ನಕ್ಷೆ

ಮನೆ ಕಟ್ಟುವ ಮೊದಲು ನಾವು ನಕ್ಷೆ ಬರೆಸುತ್ತೇವೆ. ಪ್ರೋಗ್ರಾಮುಗಳ ಚರಿತ್ರೆಯಲ್ಲಿ ಈ ಕ್ರಮ ಬಹುಬೇಗ ತಲೆಕೆಳಗಾಯಿತು. ಫೋರ್ಟ್ರಾನ್ ರೂಪಿಸಿದ ಐಬಿಎಂ ತಂಡದಲ್ಲಿದ್ದ ಲೋಯಿಸ್ ಹೈಬ್ಟ್, ಬರೆದು ಮುಗಿದ ಪ್ರೋಗ್ರಾಮನ್ನು ಓದಿ ಅದರ ಫ್ಲೋಚಾರ್ಟನ್ನು ತಾನೇ ಬಿಡಿಸುವ ಪ್ರೋಗ್ರಾಮೊಂದನ್ನು 1959ರಲ್ಲೇ ವಿವರಿಸಿದರು. ಕಟ್ಟಲು ಅನಿವಾರ್ಯವೆಂದು ಹೊಗಳುವ ನಕ್ಷೆಯನ್ನು ಕಟ್ಟಿಯಾದ ಮೇಲೆ ಯಂತ್ರದಿಂದ ಬರೆಸುವ ರೂಢಿಯನ್ನು ಫ್ರೆಡ್ ಬ್ರೂಕ್ಸ್ 1975ರಲ್ಲಿ ಲೇವಡಿ ಮಾಡಿದರು.

ಅಷ್ಟರಲ್ಲಾಗಲೇ ನಾರ್ವೆಯಲ್ಲಿ ಡಾಲ್ ಮತ್ತು ನ್ಯೂಗಾರ್ಡ್ ರಚಿಸಿದ ಸಿಮುಲಾ 67 ಭಾಷೆ 'ಕ್ಲಾಸ್' ಎಂಬ ಪರಿಕಲ್ಪನೆಯನ್ನು ತಂದಿತ್ತು. ಪ್ರೋಗ್ರಾಮಿಗೆ ವಂಶಾವಳಿಯೊಂದು ದೊರೆಯಿತು: ಯಾವ ಕ್ಲಾಸ್ ಯಾವುದರ ಸಂತತಿ, ಯಾವುದು ಯಾವುದನ್ನು ಆಶ್ರಯಿಸಿದೆ. ಈ ನಂಟುಗಳನ್ನು ಬಿಡಿಸಿ ತೋರುವ ಯುಎಂಎಲ್ ಚಿತ್ರಲಿಪಿಗೆ 1997ರಲ್ಲಿ ಮಾನಕದ ಮನ್ನಣೆ ಸಿಕ್ಕಿತು. ಡಾಕ್ಸಿಜನ್‌ನಂಥ ಸಾಧನಗಳು ಮೂಲ ಕೋಡಿನಿಂದಲೇ ಕ್ಲಾಸ್ ಡಯಾಗ್ರಾಂ ಬರೆಯತೊಡಗಿದವು.

ಆದರೆ ಯಂತ್ರಕ್ಕೆ ಕಾಣುವುದು ಬರೆದಿರುವುದಷ್ಟೇ. ಒಂದು ಕ್ಲಾಸ್ ಇನ್ನೊಂದನ್ನು ಹಿಡಿದುಕೊಂಡಿದೆ ಎಂಬುದು ಅದಕ್ಕೆ ತಿಳಿಯುತ್ತದೆ. ಹಿಡಿದದ್ದು ಸ್ವಂತದ್ದೋ ಕಡ ತಂದದ್ದೋ ಎಂಬುದು ಎಷ್ಟೋ ವೇಳೆ ತಿಳಿಯದು. ವಿನ್ಯಾಸವನ್ನು ಮರಳಿ ಪಡೆಯಲು ಕೋಡಿನ ಹೊರಗಿನ ತಿಳಿವೂ ಬೇಕೆಂದು ಚಿಕೋಫ್‌ಸ್ಕಿ ಮತ್ತು ಕ್ರಾಸ್ 1990ರಲ್ಲೇ ಸ್ಪಷ್ಟಪಡಿಸಿದ್ದರು.

ಬರೆದವರು ನಿವೃತ್ತರಾದರೂ ಕಚೇರಿಗಳಲ್ಲಿ ಅವರ ಪ್ರೋಗ್ರಾಮುಗಳು ದುಡಿಯುತ್ತಲೇ ಇರುತ್ತವೆ. ಅವನ್ನು ವಹಿಸಿಕೊಳ್ಳುವ ನಮ್ಮಂಥವರಿಗೆ ಯಂತ್ರ ಬರೆದ ವಂಶಾವಳಿ ದೊಡ್ಡ ಆಸರೆ. ಏನಿದೆ ಎಂಬುದನ್ನು ಅದು ಹೇಳುತ್ತದೆ. ಹೀಗೇಕಿದೆ ಎಂಬ ಮಾತನ್ನು ಮಾತ್ರ ಕಟ್ಟಿದವರು ಹೊರಡುವ ಮುನ್ನವೇ ನಾವು ಕೇಳಿ ಬರೆದಿಟ್ಟುಕೊಳ್ಳಬೇಕು.