ಸಂಗ್ರಹಿಸಿ ಹೇಳುವ ವಿದ್ಯೆ

‘ಕೆಳಗಿನ ಭಾಗವನ್ನು ಮೂರನೆಯ ಒಂದಂಶಕ್ಕೆ ಸಂಗ್ರಹಿಸಿ ಬರೆಯಿರಿ’ ಎಂಬ ಪ್ರಶ್ನೆ ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ ಪರಿಚಿತ. ಮೂರು ವಾಕ್ಯಗಳಲ್ಲಿ ಎರಡನ್ನು ಬಿಟ್ಟು ಒಂದನ್ನು ನಕಲು ಮಾಡಿದರೆ ಕೆಲಸ ಮುಗಿಯಿತೆಂದು ಮಕ್ಕಳು ಭಾವಿಸುತ್ತಾರೆ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂದು ಅವರಿಗೆ ಕಲಿಸಿಕೊಡುವವರು ಕಡಮೆ. ಆದರೆ ಕನ್ನಡ ಕವಿಗಳಿಗೆ ಈ ವಿದ್ಯೆ ಸಾವಿರ ವರ್ಷಗಳ ಹಿಂದೆಯೇ ಕರಗತವಾಗಿತ್ತು.

ಇಂದು ತೆಲಂಗಾಣಕ್ಕೆ ಸೇರಿರುವ ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪ, ಕ್ರಿ.ಶ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ. ಲಕ್ಷ ಶ್ಲೋಕಗಳದೆಂದು ಪ್ರಸಿದ್ಧವಾದ ವ್ಯಾಸಭಾರತ ಅಲ್ಲಿ 14 ಆಶ್ವಾಸಗಳಲ್ಲಿ ಅಡಕವಾಯಿತು. ಕಥೆಯ ಮೈ ಕೆಡಬಾರದೆಂಬುದು ಅವನ ಎಚ್ಚರ. ಅರ್ಜುನನನ್ನು ನಾಯಕನೆಂದು ನಿಶ್ಚಯಿಸಿಕೊಂಡದ್ದರಿಂದ ಯಾವುದು ಮುಖ್ಯ, ಯಾವುದು ಗೌಣ ಎಂಬುದು ಅವನಿಗೆ ಸ್ಪಷ್ಟವಾಯಿತು. ದ್ರೌಪದಿ ಅರ್ಜುನನೊಬ್ಬನ ಪತ್ನಿಯಾದದ್ದೂ ಈ ನಿಶ್ಚಯದ ಫಲವೇ. ಸಂಗ್ರಹಿಸುವವನ ದೃಷ್ಟಿ ಕಥೆಯನ್ನೇ ಬದಲಿಸಬಲ್ಲದೆಂಬುದಕ್ಕೂ ಇದು ಸಾಕ್ಷಿ.

ಪಂಪನ ಬಳಿಕ ಬಂದ, ಮುಧೋಳದ ಬಳೆಗಾರರ ಮನೆತನದ ರನ್ನ ಇನ್ನೊಂದು ದಾರಿ ಹಿಡಿದ. ಭೀಮ-ದುರ್ಯೋಧನರ ಗದಾಯುದ್ಧವೊಂದನ್ನೇ ವಸ್ತುವಾಗಿಟ್ಟುಕೊಂಡು, ನಡೆಯುವ ಸಿಂಹ ಹಿಂದಿರುಗಿ ನೋಡುವಂತೆ ಇಡೀ ಭಾರತವನ್ನು ನೋಡಿದ. ಇದೇ ಸಿಂಹಾವಲೋಕನ ಕ್ರಮ. ರಣರಂಗದಲ್ಲಿ ನಡೆಯುವ ದುರ್ಯೋಧನನಿಗೆ ದ್ರೋಣ, ದುಶ್ಶಾಸನ, ಕರ್ಣರ ಶವಗಳು ಎದುರಾಗುತ್ತವೆ. ಒಂದೊಂದರೊಡನೆಯೂ ಹಳೆಯ ಘಟನೆಗಳು ಮರುಕಳಿಸುತ್ತವೆ. ಹತ್ತು ಆಶ್ವಾಸಗಳಲ್ಲಿ ಮಹಾಭಾರತದ ಸಾರ ನಮಗೆ ದಕ್ಕುತ್ತದೆ.

ಇದೇ ವಿದ್ಯೆಯನ್ನು ಮಕ್ಕಳು ಹೇಗೆ ಕಲಿಯುತ್ತಾರೆಂದು ಅಮೆರಿಕದ ಆನ್ ಬ್ರೌನ್ ಮತ್ತು ಜೀನ್ ಡೇ ಪರಿಶೀಲಿಸಿ 1983ರಲ್ಲಿ ಪ್ರಕಟಿಸಿದರು. ಅವರು ಗಮನಿಸಿದ ಸೂತ್ರಗಳು ಸರಳ: ಅನಗತ್ಯವಾದುದನ್ನು ಬಿಡು, ಮತ್ತೆ ಮತ್ತೆ ಬಂದುದನ್ನು ಬಿಡು, ಮಾವು, ಹಲಸು, ಬಾಳೆ ಎಂಬಂಥ ಪಟ್ಟಿಗೆ ‘ಹಣ್ಣುಗಳು’ ಎಂಬ ಒಂದೇ ಹೆಸರು ಕೊಡು, ಮುಖ್ಯ ವಾಕ್ಯವನ್ನು ಆರಿಸು, ಅದು ಇಲ್ಲದಿದ್ದರೆ ನೀನೇ ರಚಿಸು. ಬಿಡುವುದು ಚಿಕ್ಕ ಮಕ್ಕಳಿಗೂ ಬರುತ್ತಿತ್ತು. ಸ್ವಂತ ವಾಕ್ಯ ರಚಿಸುವುದು ಮಾತ್ರ ದೊಡ್ಡ ವಿದ್ಯಾರ್ಥಿಗಳಿಗೂ ಕಷ್ಟವಾಗಿತ್ತು. ಮರುವರ್ಷ ಪಾಲಿನ್ಸರ್ ಮತ್ತು ಬ್ರೌನ್ ಪ್ರಕಟಿಸಿದ ಕ್ರಮದಲ್ಲಿ ಮಕ್ಕಳೇ ಸರದಿಯಂತೆ ಗುರುಗಳಾಗಿ, ಓದಿದ್ದನ್ನು ಸಂಗ್ರಹಿಸಿ ಹೇಳಿ, ಇತರರನ್ನು ಪ್ರಶ್ನಿಸಬೇಕಿತ್ತು.

ಹೊರನಾಡಿನ ಕನ್ನಡಿಗರಾದ ನಮಗೆ ಇದರಲ್ಲೊಂದು ಪ್ರಯೋಜನವಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷಿನಲ್ಲೋ ಮರಾಠಿ, ತಮಿಳು, ಹಿಂದಿಗಳಲ್ಲೋ ಓದುತ್ತಾರೆ. ಗೈಡಿನ ವಾಕ್ಯವನ್ನು ಉರು ಹೊಡೆದು ಒಪ್ಪಿಸುವುದು ಸುಲಭ. ಅದನ್ನೇ ಅಜ್ಜಿಗೆ ಕನ್ನಡದಲ್ಲಿ ನಾಲ್ಕು ಮಾತಿನಲ್ಲಿ ತಿಳಿಸಬೇಕಾದರೆ ನಕಲು ನಡೆಯದು. ಅರ್ಥವಾಗಿದ್ದರೆ ಮಾತು ಹೊರಡುತ್ತದೆ, ಇಲ್ಲವಾದರೆ ತಡವರಿಸುತ್ತದೆ. ರಾತ್ರಿ ಊಟದ ಹೊತ್ತಿನಲ್ಲಿ ಹತ್ತು ನಿಮಿಷ ‘ಇವತ್ತಿನ ಪಾಠದ ಸಾರ ಏನಪ್ಪಾ, ಏನಮ್ಮಾ?’ ಎಂದು ಕೇಳೋಣ. ಪಾಠವೂ ಮನಸ್ಸಿನಲ್ಲಿ ನಿಂತೀತು, ಮನೆಮಾತೂ ಉಳಿದೀತು.