ಧರ್ಮವುರದ ಋಣ

ಆಸ್ಥಾನಕವಿಯೆಂದರೆ ಹೊಗಳುಭಟನೆಂದು ಸುಲಭವಾಗಿ ಹೇಳಿಬಿಡುವವರು ಪಂಪನ ‘ವಿಕ್ರಮಾರ್ಜುನ ವಿಜಯ’ವನ್ನು ಒಮ್ಮೆ ಕಡೆಯವರೆಗೂ ಓದಬೇಕು. ಅವರ ಮಾತಿಗೆ ಬೇಕಾದ ಸಾಕ್ಷ್ಯವೂ ಅಲ್ಲಿದೆ, ಅದನ್ನು ಮುರಿಯುವ ಸಾಕ್ಷ್ಯವೂ ಅಲ್ಲಿಯೇ ಇದೆ.

ವೇಮುಲವಾಡದ ಚಾಲುಕ್ಯ ಇಮ್ಮಡಿ ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ಇಂದಿನ ತೆಲಂಗಾಣದಲ್ಲಿರುವ ಆ ಊರಿನ ಅರಸನನ್ನು ಕನ್ನಡಿಗರು ಈಗಲೂ ನೆನೆಯುವುದು ಅವನ ಕವಿಯ ದೆಸೆಯಿಂದ. ಪಂಪ 941ರಲ್ಲಿ ‘ಆದಿಪುರಾಣ’ವನ್ನು ಮುಗಿಸಿದ. ಅದು ಧರ್ಮಕ್ಕಾಗಿ ಬರೆದದ್ದು, ಮೂರು ತಿಂಗಳ ಕೆಲಸ. ಭಾರತಕ್ಕೆ ಆರು ತಿಂಗಳು ಹಿಡಿಯಿತೆಂದು ಅವನೇ ಲೆಕ್ಕ ಕೊಟ್ಟಿದ್ದಾನೆ. ಇದು ಒಡೆಯನಿಗಾಗಿ ಬರೆದದ್ದು. ಇಲ್ಲಿ ಅರಿಕೇಸರಿಯೇ ಅರ್ಜುನ. ಸಂಭಾವನೆಯಾಗಿ ಧರ್ಮವುರವೆಂಬ ಅಗ್ರಹಾರ ದೊರೆಯಿತು. ಕವಿಯ ತಮ್ಮ ಜಿನವಲ್ಲಭ ಗಂಗಾಧರಂ ಬಳಿಯ ಬೆಟ್ಟದ ಬಂಡೆಯಲ್ಲಿ ಕೆತ್ತಿಸಿದ ಶಾಸನವೂ ಈ ದಾನವನ್ನು ಹೇಳುತ್ತದೆ.

ಈ ಒಪ್ಪಂದಕ್ಕೆ ಬೆಲೆ ತೆತ್ತವಳು ದ್ರೌಪದಿ. ಅರಸನ ರಾಣಿಗೆ ಐವರು ಗಂಡಂದಿರೆಂದು ಆಸ್ಥಾನದಲ್ಲಿ ಓದುವುದು ಹೇಗೆ? ಆದ್ದರಿಂದ ಪಂಪನ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಹಾಗಿದ್ದೂ ದುಶ್ಶಾಸನನನ್ನು ಕೊಂದು ಅವಳ ಮುಡಿ ಕಟ್ಟುವವನು ಭೀಮ! ಹಳೆಯ ಕಥೆಯ ಆ ಕೆಚ್ಚನ್ನು ಬಿಡಲು ಕವಿಗೆ ಮನಸ್ಸಾಗಲಿಲ್ಲ. ಭಾವನಾದವನು ಮುಡಿ ಕಟ್ಟುವ ಮುಜುಗರವನ್ನು ನುಂಗಿಕೊಂಡ. ಕಡೆಗೆ ಪಟ್ಟಾಭಿಷೇಕವಾಗುವುದು ಧರ್ಮರಾಯನಿಗಲ್ಲ, ಅರ್ಜುನನಿಗೆ. ಅವನ ಪಕ್ಕದಲ್ಲಿ ಕೂರುವವಳು ಸುಭದ್ರೆ. ಯಾರ ಮುಡಿಗಾಗಿ ಯುದ್ಧ ನಡೆಯಿತೋ ಅವಳಿಗೆ ಸಿಂಹಾಸನದ ಬಳಿ ಎಡೆಯಿಲ್ಲ. ಇದನ್ನು ಕವಿಯ ಸ್ವಾತಂತ್ರ್ಯವೆಂದು ಸಮರ್ಥಿಸುವವರಿದ್ದಾರೆ. ನನಗೆ ಅದು ಅಗ್ರಹಾರದ ಕಂದಾಯವೆಂದೇ ತೋರುತ್ತದೆ.

ಆದರೆ ಕರ್ಣನ ವಿಷಯದಲ್ಲಿ ಪಂಪ ಯಾರಿಗೂ ಕಂದಾಯ ಕಟ್ಟಲಿಲ್ಲ. ಕಥಾನಾಯಕನ ಬಾಣದಿಂದ ಸತ್ತವನು ಅವನು. ಆಸ್ಥಾನದ ಮರ್ಯಾದೆಯಂತೆ ಅಲ್ಲಿ ಜಯಘೋಷ ಮೊಳಗಬೇಕು. ಪಂಪನಾದರೋ ಕಥೆಯನ್ನು ನಿಲ್ಲಿಸಿ ತಾನೇ ಮುಂದೆ ಬಂದು, ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎನ್ನುತ್ತಾನೆ. ಅರಿಕೇಸರಿಯ ಎದುರಿನಲ್ಲಿಯೇ! ಹುಟ್ಟಿನ ಗುಟ್ಟು ತಿಳಿದ ಮೇಲೂ ಅನ್ನವಿಟ್ಟ ಒಡೆಯನನ್ನು ಬಿಡದವನು ಕರ್ಣ. ಜೋಳದಪಾಳಿಯೆಂದು ಆ ಕಾಲದವರು ಕರೆದ ಈ ಅನ್ನದ ಋಣ, ಕವಿಯೂ ಕಲಿಯೂ ಆಗಿದ್ದ ಪಂಪನಿಗೆ ಪುಸ್ತಕದ ಮಾತಾಗಿರಲಿಲ್ಲ. ಒಡೆಯನನ್ನು ಮೆಚ್ಚಿಸಲು ಅರ್ಜುನನನ್ನು ಕಟ್ಟಿದ ಕೈಯೇ ತನ್ನಂಥವನೊಬ್ಬನನ್ನು ಕರ್ಣನಲ್ಲಿ ಕಂಡಿತೆಂದು ಊಹಿಸಿದರೆ ತಪ್ಪಾಗಲಾರದು. ಅರಿಕೇಸರಿ ಇದನ್ನು ಗಮನಿಸದಷ್ಟು ದಡ್ಡನಾಗಿದ್ದನೆ? ಕೇಳಿಯೂ ಅಗ್ರಹಾರ ಕೊಟ್ಟಿದ್ದರೆ ಅವನ ರಸಿಕತೆಗೂ ಒಂದು ನಮಸ್ಕಾರ ಸಲ್ಲಬೇಕು.

ಪಂಪನ ಬಳಿಕ ರನ್ನನೂ ಇದೇ ಹಾದಿ ಹಿಡಿದ. ಅವನ ಒಡೆಯ ಸತ್ಯಾಶ್ರಯ ಕಾವ್ಯದಲ್ಲಿ ಭೀಮನಾದ. ಓದುಗರ ಕಣ್ಣಲ್ಲಿ ನೀರು ತರಿಸಿದವನು ಮಾತ್ರ ದುರ್ಯೋಧನ. ಒಡೆಯನ ಕೀರ್ತಿಗೆಂದು ಆ ಕೃತಿಗೆ ‘ಸಾಹಸಭೀಮ ವಿಜಯ’ವೆಂಬ ಹೆಸರಿತ್ತು. ಜನ ಅದನ್ನು ‘ಗದಾಯುದ್ಧ’ವೆಂದರು, ‘ವಿಕ್ರಮಾರ್ಜುನ ವಿಜಯ’ವನ್ನು ‘ಪಂಪಭಾರತ’ವೆಂದರು.